ವಿದ್ಯುನ್ಮಾನ ಆರೋಗ್ಯ ಮಾಹಿತಿ ವಿನಿಮಯ: ಗದಗ ಸೀಮೆಯಲ್ಲಿ

ರೋಗಿಯ ತಪಾಸಣೆ, ಔಷಧ, ಚಿಕಿತ್ಸೆಗಳ ದಾಖಲೆಯನ್ನು ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಗಣಕಜಾಲದ ಮೂಲಕ ತಲುಪಿಸುವ ವ್ಯವಸ್ಥೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗದಲ್ಲಿ ಈ ಕೆಲಸವನ್ನು ಬಹುಕಾಲ ಮಾಡಿದ್ದು ರೋಗಿಯ ಕಡೆಯವರ ಕೈಚೀಲ. ತಾಲ್ಲೂಕಿನ ದವಾಖಾನೆಯಿಂದ ಗದಗಕ್ಕೆ, ಅಲ್ಲಿ ಆಗದಿದ್ದರೆ ಸುಮಾರು 60 ಕಿ.ಮೀ. ದೂರದ ಹುಬ್ಬಳ್ಳಿ ಕಿಮ್ಸ್‌ಗೆ. ಚೀಟಿ, ಎಕ್ಸ್‌ರೇ, ರಕ್ತದ ರಿಪೋರ್ಟು ಎಲ್ಲ ಆ ಚೀಲದಲ್ಲೇ. ಒಂದು ಹಾಳೆ ಕಳೆದರೆ ಅದೇ ಪರೀಕ್ಷೆ ಮತ್ತೊಮ್ಮೆ, ಖರ್ಚೂ ಮತ್ತೊಮ್ಮೆ. 2015ರಲ್ಲಿ ಗದಗದಲ್ಲೇ ಸರ್ಕಾರಿ ವೈದ್ಯಕೀಯ ಕಾಲೇಜು (ಜಿಮ್ಸ್) ಆರಂಭವಾಯಿತು. ಚೀಲ ಮಾತ್ರ ಕೈಬಿಡಲಿಲ್ಲ.

ವಿನಿಮಯದಿಂದ ಹಣ ಉಳಿಯುತ್ತದೆಂಬ ನಂಬಿಕೆ ಹಳೆಯದು. ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ 1972ರಲ್ಲೇ ಗಣಕೀಕೃತ ರೋಗಿ ದಾಖಲೆ ಬಳಕೆಗೆ ಬಂದಿತ್ತು. ಗಣಕೀಕರಣದಿಂದ ವರ್ಷಕ್ಕೆ 8,100 ಕೋಟಿ ಡಾಲರ್ ಉಳಿಯಬಹುದೆಂದು ಅಲ್ಲಿನ ರಾಂಡ್ ಸಂಶೋಧನಾ ಸಂಸ್ಥೆ 2005ರಲ್ಲಿ ಅಂದಾಜಿಸಿತು. ಆ ನಿರೀಕ್ಷೆ ಈಡೇರಿಲ್ಲವೆಂದು ಅದೇ ಸಂಸ್ಥೆಯ ಸಂಶೋಧಕರು 2013ರಲ್ಲಿ ಬರೆದರು. ಒಬ್ಬರ ಗಣಕ ಇನ್ನೊಬ್ಬರದರೊಂದಿಗೆ ಹೊಂದುತ್ತಿರಲಿಲ್ಲ. ಮೇಲಾಗಿ, ಪರೀಕ್ಷೆಗಿಷ್ಟು ಎಂದು ದುಡ್ಡು ಪಡೆಯುವಲ್ಲಿ ಮರುಪರೀಕ್ಷೆ ತಪ್ಪಿಸುವ ಆತುರ ಯಾರಿಗಿರುತ್ತದೆ?

ಕರ್ನಾಟಕದಲ್ಲಿ 2002ರಲ್ಲಿ ಇಸ್ರೋ ಉಪಗ್ರಹದ ಮೂಲಕ ಚಾಮರಾಜನಗರ ಜಿಲ್ಲಾಸ್ಪತ್ರೆಯನ್ನು ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಲಾಯಿತು. ಆದರೆ ಮುಂದಿನ ಹತ್ತು ವರ್ಷ ಹಳ್ಳಿಗಳ ಮಾಹಿತಿ ಹರಿದದ್ದು ಹೆಚ್ಚಾಗಿ ಮೇಲ್ಮುಖವಾಗಿಯೇ. ತಾಯಿ ಕಾರ್ಡಿನಲ್ಲಿ, ರಿಜಿಸ್ಟರಿನಲ್ಲಿ, ಕೊನೆಗೆ ಗಣಕದಲ್ಲಿ ಅದನ್ನೇ ಮತ್ತೆ ಮತ್ತೆ ತುಂಬಿದ್ದು ಇಲಾಖೆಗೆ ಲೆಕ್ಕ ಒಪ್ಪಿಸಲು. ಅದರಿಂದ ಆರೈಕೆ ಸುಧಾರಿಸಿತೆನ್ನುವುದು ಕಷ್ಟ.

ಕ್ಷಯರೋಗದ್ದು ಬೇರೆ ಕಥೆ. 2012ರಲ್ಲಿ ಆರಂಭವಾದ ನಿಕ್ಷಯ್ ಜಾಲದಲ್ಲಿ ಪ್ರತಿ ರೋಗಿಗೂ ಒಂದು ಸಂಖ್ಯೆ. ಮುಂಡರಗಿ, ಶಿರಹಟ್ಟಿ ಕಡೆಯಿಂದ ಗೋವಾ, ಮಂಗಳೂರಿಗೆ ಗುಳೆ ಹೋದವರ ಮಾತ್ರೆ ನಡುವೆ ನಿಂತರೆ ರೋಗ ಔಷಧಕ್ಕೆ ಬಗ್ಗದಂತಾಗುವ ಭಯವಿದೆ. ಆ ಚಿಕಿತ್ಸೆಗೆ ತಗಲುವ ಖರ್ಚು ಎಷ್ಟೋ ಪಟ್ಟು ಹೆಚ್ಚು. ಈ ಸಂಖ್ಯೆ ಇದ್ದರೆ ಹೋದ ಊರಿನ ಕೇಂದ್ರದಲ್ಲೇ ಚಿಕಿತ್ಸೆ ಮುಂದುವರಿಸಬಹುದು. 2018ರ ಏಪ್ರಿಲಿನಿಂದ ಪೋಷಣೆಗೆಂದು ತಿಂಗಳಿಗೆ 500 ರೂಪಾಯಿ (2024ರ ನವೆಂಬರಿನಿಂದ 1,000) ಬ್ಯಾಂಕ್ ಖಾತೆಗೆ ಬರುವುದೂ ಇದೇ ದಾಖಲೆಯ ಆಧಾರದ ಮೇಲೆ.

2018ರ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ತುರ್ತು ಸಂದರ್ಭ ಬಿಟ್ಟರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಇಲ್ಲದೆ ಖಾಸಗಿಯಲ್ಲಿ ಉಚಿತ ಚಿಕಿತ್ಸೆ ಇಲ್ಲ. ಬಿಲ್ಲಿನ ಭಾರ ಸರ್ಕಾರದ ಮೇಲಿದ್ದುದರಿಂದ ಈ ರೆಫರಲ್ ದಾಖಲೆ ಚುರುಕಾಗಿಯೇ ಓಡಿತು. 2023ರ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆ ವಿನಿಮಯದ ಲಾಭವನ್ನು ಕಣ್ಣಿಗೆ ಕಾಣಿಸುವಂಥದ್ದು: ಎದೆನೋವೆಂದು ಬಂದವರ ಇಸಿಜಿ ತಾಲ್ಲೂಕು ಆಸ್ಪತ್ರೆಯಿಂದ ದೂರದ ಹೃದ್ರೋಗ ತಜ್ಞರಿಗೆ ಹೋಗುತ್ತದೆ, ಹೃದಯಾಘಾತವೆಂದು ಉತ್ತರ ಬಂದರೆ ಹೆಪ್ಪು ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಪುಕ್ಕಟೆ ಕೊಟ್ಟು, ನಂತರ ದೊಡ್ಡ ಆಸ್ಪತ್ರೆಗೆ ಸಾಗಿಸುತ್ತಾರೆ.

2021ರ ಸೆಪ್ಟೆಂಬರ್ 27ರಂದು ದೇಶದಾದ್ಯಂತ ಚಾಲನೆ ಪಡೆದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಪ್ರತಿಯೊಬ್ಬರಿಗೂ 14 ಅಂಕಿಯ ಆಭಾ ಎಂಬ ಆರೋಗ್ಯ ಖಾತೆ ಸಂಖ್ಯೆ ಕೊಡುತ್ತದೆ. ದಾಖಲೆ ಹಂಚಲು ರೋಗಿಯ ಒಪ್ಪಿಗೆ ಬೇಕು. ಸಂಖ್ಯೆ ಮಾಡಿಸಿದ ಮಾತ್ರಕ್ಕೆ ಅದರೊಳಗೆ ದಾಖಲೆ ಬಂದು ಕೂಡುವುದಿಲ್ಲ, ಆಸ್ಪತ್ರೆಯವರು ಸೇರಿಸಬೇಕು. ಅದಕ್ಕೆಂದೇ 2023ರ ಜನವರಿಯಿಂದ ಪ್ರೋತ್ಸಾಹಧನ ಬಂದಿತು. ಮೊದಲ ನಿಯಮದಂತೆ ಅದು 10 ಅಥವಾ ಹೆಚ್ಚು ಹಾಸಿಗೆಗಳ ಆಸ್ಪತ್ರೆ, ನರ್ಸಿಂಗ್ ಹೋಂಗಳಿಗೆ, ಪ್ರಯೋಗಾಲಯಗಳಿಗೆ. ಜ್ವರ ಬಂದಾಗ ಜನ ಮೊದಲು ಬಾಗಿಲು ತಟ್ಟುವ, ಹಾಸಿಗೆಯೇ ಇಲ್ಲದ ಪೇಟೆಯ ಡಾಕ್ಟರರ ಕ್ಲಿನಿಕ್ಕು ಆ ಲೆಕ್ಕಕ್ಕೆ ಬರಲಿಲ್ಲ.