ವೃಂದನಾಯಕನ ಅಧಿಕಾರ

ಹಗರಿಯ ದಂಡೆಯ ರಾರಾವಿಯಂಥ ಊರುಗಳಲ್ಲಿ ಬಯಲಾಟ ಕಂಡವರಿಗೆ ಹಿಮ್ಮೇಳದ ಮಹತ್ವವನ್ನು ವಿವರಿಸಬೇಕಾಗಿಲ್ಲ. ವೇಷ ಎಷ್ಟೇ ಭರ್ಜರಿಯಾಗಿರಲಿ, ಹಾಡು ಹಿಡಿದವನು ಲಯ ತಪ್ಪಿದರೆ ಕುಣಿತವೂ ಮಾತೂ ಒಟ್ಟಿಗೇ ಕುಸಿಯುತ್ತವೆ. ಪಾಶ್ಚಾತ್ಯ ವಾದ್ಯವೃಂದದಲ್ಲಿ ಇಂಥ ಹೊಣೆ ಹೊತ್ತವನು ಹಾಡುವುದೂ ಇಲ್ಲ, ನುಡಿಸುವುದೂ ಇಲ್ಲ. ಹತ್ತಾರು ವಾದಕರ ಎದುರು ಕೈಯಾಡಿಸುತ್ತಾನೆ, ಅಷ್ಟೆ. ತಾನು ಒಂದು ಸ್ವರವನ್ನೂ ಹೊರಡಿಸದ ಈ ನಾಯಕನಿಗೆ ಅಷ್ಟು ಅಧಿಕಾರ ಬಂದುದೆಲ್ಲಿಂದ? ಓಟೊ ಕ್ಲೆಂಪರರ್‌ನ ಬಾಳಿನಲ್ಲಿ ಇದಕ್ಕೊಂದು ಉತ್ತರವಿದೆ. ಆ ಬಾಳಿನ ಕೊನೆಯ ಘಟ್ಟಕ್ಕೂ ನಮ್ಮ ಮೈಸೂರಿಗೂ ನಂಟುಂಟು.

ಕ್ಲೆಂಪರರ್ ಹುಟ್ಟಿದ್ದು 1885ರಲ್ಲಿ, ಅಂದು ಜರ್ಮನಿಗೆ ಸೇರಿದ್ದ ಬ್ರೆಸ್ಲೌ ನಗರದಲ್ಲಿ. ಮಹಾನ್ ಸಂಗೀತಕಾರ ಮಾಹ್ಲರ್ ತನ್ನ ಭೇಟಿಚೀಟಿಯ ಮೇಲೆ ಬರೆದುಕೊಟ್ಟ ಶಿಫಾರಸಿನಿಂದ 1907ರಲ್ಲಿ ಪ್ರಾಗ್‌ನಲ್ಲಿ ಕೆಲಸ ದೊರೆಯಿತು. ಆ ಚೀಟಿಯನ್ನು ಅವನು ಬಾಳಿನುದ್ದಕ್ಕೂ ಜೋಪಾನ ಮಾಡಿದ. 1927ರಲ್ಲಿ ಬರ್ಲಿನ್ನಿನ ಕ್ರೋಲ್ ಸಂಗೀತನಾಟಕ ಶಾಲೆಯ ಹೊಣೆ ವಹಿಸಿಕೊಂಡು, ಸ್ಟ್ರಾವಿನ್‌ಸ್ಕಿ, ಹಿಂಡೆಮಿತ್‌ರಂಥ ಹೊಸಬರ ಕೃತಿಗಳನ್ನು ರಂಗಕ್ಕೆ ತಂದ. ವಾಗ್ನರನ ಕೃತಿಯನ್ನೂ ಹಳೆಯ ಆಡಂಬರ ಕಳಚಿ ಆಡಿಸಿದಾಗ ಸಂಪ್ರದಾಯವಾದಿಗಳು ಕೆರಳಿದರು. 1931ರಲ್ಲಿ ಆ ಶಾಲೆಯೇ ಮುಚ್ಚಿತು. ಯೆಹೂದಿಯಾಗಿ ಹುಟ್ಟಿದ ಅವನು 1933ರಲ್ಲಿ ದೇಶವನ್ನೇ ತೊರೆಯಬೇಕಾಯಿತು. ಅಮೆರಿಕದಲ್ಲಿದ್ದಾಗ, 1939ರಲ್ಲಿ, ಮಿದುಳಿನ ಗೆಡ್ಡೆಗೆ ಶಸ್ತ್ರಚಿಕಿತ್ಸೆಯಾಗಿ ಬಲಭಾಗಕ್ಕೆ ಪಾರ್ಶ್ವವಾಯು ತಗುಲಿತು. 1951ರಲ್ಲಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಮೇಲೆ ಕುರ್ಚಿಯಲ್ಲಿ ಕುಳಿತೇ ವೃಂದವನ್ನು ನಡೆಸಿದ.

ಹೀಗೆ ಜರ್ಝರಿತನಾದವನಿಗೆ ನೆಲೆ ದೊರೆತದ್ದು ಲಂಡನ್ನಿನ ಫಿಲ್‌ಹಾರ್ಮೋನಿಯಾ ವಾದ್ಯವೃಂದದಲ್ಲಿ. 1945ರಲ್ಲಿ ವಾಲ್ಟರ್ ಲೆಗ್ ಸ್ಥಾಪಿಸಿದ ಈ ವೃಂದ ಎಳವೆಯಲ್ಲಿ ಹಣವಿಲ್ಲದೆ ತೊಳಲುತ್ತಿದ್ದಾಗ ಕೈಹಿಡಿದವರು ಜಯಚಾಮರಾಜೇಂದ್ರ ಒಡೆಯರು. ಶ್ರೀವಿದ್ಯಾ ಅಂಕಿತದಲ್ಲಿ ಕೀರ್ತನೆಗಳನ್ನು ರಚಿಸಿದ ಆ ಪ್ರಭುಗಳು ಪಾಶ್ಚಾತ್ಯ ಸಂಗೀತದಲ್ಲಿಯೂ ಪರಿಣತರು. ಫಿಲ್‌ಹಾರ್ಮೋನಿಯಾ ಸಂಗೀತ ಸಭೆಯ ಮೊದಲ ಅಧ್ಯಕ್ಷರೂ ಅವರೇ. ಅವರ ನೆರವಿನಿಂದ ನಿಂತ ವೃಂದಕ್ಕೆ 1959ರಲ್ಲಿ ಕ್ಲೆಂಪರರ್ ಆಜೀವ ಪ್ರಧಾನ ನಾಯಕನಾದ.

ಅವನ ಕಲಾದೃಷ್ಟಿ ನಿಷ್ಠುರವಾದುದು. ಕೃತಿಕಾರ ಬರೆದುದಕ್ಕೆ ನಾಯಕ ತನ್ನ ಭಾವಾವೇಶದ ಬಣ್ಣ ಬಳಿಯಬಾರದು. ಶ್ರೋತೃವಿನ ಕಣ್ಣೀರಿಗಾಗಿ ನಡೆಯನ್ನು ಎಳೆಯಬಾರದು, ಚಪ್ಪಾಳೆಗಾಗಿ ಓಡಿಸಬಾರದು. ಮೊದಲ ಮತ್ತು ಎರಡನೆಯ ಪಿಟೀಲುಗಳನ್ನು ಎಡಬಲಗಳಲ್ಲಿ ಎದುರುಬದುರಾಗಿ ಕೂರಿಸುತ್ತಿದ್ದ. ಆಗ ಅವುಗಳ ಸಂವಾದ ಬಿಡಿಬಿಡಿಯಾಗಿ ಕೇಳುತ್ತದೆ. ತಂತಿವಾದ್ಯಗಳ ಮೊರೆತದಲ್ಲಿ ಮುಳುಗುವ ಕೊಳಲು, ಓಬೋಗಳ ದನಿಯನ್ನು ಮೇಲೆತ್ತಿದ. ಮುಪ್ಪಿನಲ್ಲಿ ಅವನ ನಡೆ ತೀರ ವಿಳಂಬವಾಯಿತೆಂಬ ಆಕ್ಷೇಪ ಸುಳ್ಳಲ್ಲ. ಆದರೆ ಆ ವಿಳಂಬದಲ್ಲಿ ಬೀಥೋವನನ ಕೃತಿಯ ಕಂಬ, ತೊಲೆಗಳೆಲ್ಲ ಕಣ್ಣಿಗೆ ಕಟ್ಟುತ್ತವೆ. ಧ್ವನಿಮುದ್ರಣಗಳನ್ನು ಕೇಳಿದವರು ಇದನ್ನು ಬಲ್ಲರು.

ಇಂಥ ನಿಷ್ಠುರನನ್ನು ಸರ್ವಾಧಿಕಾರಿಯೆನ್ನುವುದು ಸುಲಭ. ಅವನ ನಾಲಗೆ ಮೊನಚಾಗಿತ್ತು. ವಾದಕರು ಅವನಿಗೆ ಅಂಜುತ್ತಿದ್ದರು. ಆದರೆ 1964ರ ಮಾರ್ಚಿಯಲ್ಲಿ ಲೆಗ್ ಇದ್ದಕ್ಕಿದ್ದಂತೆ ವೃಂದದ ಚಟುವಟಿಕೆಯನ್ನು ನಿಲ್ಲಿಸುವುದಾಗಿ ಸಾರಿದಾಗ, ಎಂಬತ್ತರ ಅಂಚಿನಲ್ಲಿದ್ದ ಮುದುಕ ವಾದಕರ ಪಕ್ಷ ವಹಿಸಿದ. ಅವರು ತಾವೇ ಕೂಡಿ ಹೊಸ ಫಿಲ್‌ಹಾರ್ಮೋನಿಯಾವನ್ನು ಕಟ್ಟಿಕೊಂಡರು. ಕ್ಲೆಂಪರರ್ ಅದರ ಗೌರವಾಧ್ಯಕ್ಷನಾದ. ಅಧಿಕಾರದ ಪ್ರಶ್ನೆಗೆ ಉತ್ತರ ಇಲ್ಲಿದೆ. ಕೃತಿಗೆ ತಾನೇ ಮೊದಲು ತಲೆಬಾಗಿದವನ ಕಟ್ಟಪ್ಪಣೆಯನ್ನು ವಾದಕರು ಒಪ್ಪಿದ್ದರು. ಅವರ ಅನ್ನಕ್ಕೆ ಕುತ್ತು ಬಂದಾಗ ಅವನು ಅವರನ್ನು ಕೈಬಿಡಲಿಲ್ಲ.

ಆ ವರ್ಷದ ಅಕ್ಟೋಬರ್ 27ರಂದು ಹೊಸ ವೃಂದ ಬೀಥೋವನನ ಒಂಬತ್ತನೆಯ ಸಿಂಫನಿಯನ್ನು ನುಡಿಸಿತು. ವೃಂದವನ್ನು ನಡೆಸಿದವನು ಕ್ಲೆಂಪರರ್. 1973ರಲ್ಲಿ ಅವನು ತೀರಿಕೊಂಡ. ಮರುವರ್ಷ ಒಡೆಯರೂ ಅಸ್ತಂಗತರಾದರು. 1977ರಲ್ಲಿ ತನ್ನ ಹಳೆಯ ಹೆಸರನ್ನು ಮರಳಿ ಪಡೆದ ಆ ವೃಂದ ಇಂದಿಗೂ ನುಡಿಯುತ್ತಿದೆ.