ಮೆಲಿಯಾಯ್ಡೋಸಿಸ್

ಮಣ್ಣು, ನೀರಿನಲ್ಲಿ ಬದುಕುವ ಬರ್ಖೋಲ್ಡೇರಿಯಾ ಸ್ಯೂಡೋಮ್ಯಾಲಿಯೈ ಬ್ಯಾಕ್ಟೀರಿಯಾದಿಂದ ಮನುಷ್ಯರಿಗೂ ಆಡು, ಕುರಿ, ಹಂದಿಗಳಿಗೂ ತಗಲುವ ಸೋಂಕುರೋಗ. 1911ರಲ್ಲಿ ರಂಗೂನಿನಲ್ಲಿ ವಿಟ್ಮೋರ್ ಮತ್ತು ಕೃಷ್ಣಸ್ವಾಮಿ ಇದನ್ನು ಗುರುತಿಸಿದರು. ಈ ಬ್ಯಾಕ್ಟೀರಿಯಾ ಪೆನಿಸಿಲಿನ್, ಆಂಪಿಸಿಲಿನ್‌ಗಳಿಗೆ ಸಹಜವಾಗಿಯೇ ನಿರೋಧಕ. ಜೆಂಟಾಮೈಸಿನ್‌ಗೂ ಸಾಮಾನ್ಯವಾಗಿ ಬಗ್ಗದು. ಔಷಧವನ್ನು ಒಡೆಯುವ ಕಿಣ್ವಗಳು, ಒಳಬಂದದ್ದನ್ನು ಹೊರದೂಡುವ ಜೀವಕೋಶದ ಪಂಪುಗಳು ಇದಕ್ಕೆ ಕಾರಣ. ಉಡುಪಿ ಜಿಲ್ಲೆಯಲ್ಲಿ ಈ ರೋಗದ ಪ್ರಕರಣಗಳು ಮಳೆಗಾಲದಲ್ಲಿ ಹೆಚ್ಚು. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜು (ಸ್ಥಾಪನೆ 1953) ಇವುಗಳ ಪತ್ತೆ ಹಾಗೂ ಸಂಶೋಧನೆಯ ಪ್ರಮುಖ ಕೇಂದ್ರ. ಕೆಸರುಗದ್ದೆಯಲ್ಲಿ ದುಡಿಯುವವರು, ಅದರಲ್ಲೂ ಮಧುಮೇಹಿಗಳು, ಹೆಚ್ಚು ಅಪಾಯದಲ್ಲಿರುತ್ತಾರೆ. ನ್ಯುಮೋನಿಯಾ, ಕೀವುಗಡ್ಡೆ, ರಕ್ತದ ನಂಜು ಮುಖ್ಯ ಲಕ್ಷಣಗಳು. ಕ್ಷಯವೆಂದು ತಪ್ಪಾಗಿ ತಿಳಿಯುವುದೇ ದೊಡ್ಡ ತೊಡಕು, ಆ ವಿಳಂಬ ಮಾರಕವಾಗಬಲ್ಲದು. ಚಿಕಿತ್ಸೆಗೆ ಕನಿಷ್ಠ ಎರಡು ವಾರ ಸೆಫ್ಟಾಜಿಡೀಮ್ ಅಥವಾ ಮೆರೊಪೆನೆಮ್ ಚುಚ್ಚುಮದ್ದು, ಬಳಿಕ ಸುಮಾರು ಮೂರು ತಿಂಗಳು ಕೋಟ್ರೈಮೋಕ್ಸಜೋಲ್ ಮಾತ್ರೆ ನೀಡಲಾಗುತ್ತದೆ.