ಧಾರೆಯೆಂಬ ಮಾತು

ಧಾರೆಯೆಂದರೇನೆಂದು ನಮ್ಮ ಮನೆಗಳಲ್ಲಿ ಯಾರನ್ನು ಕೇಳಿದರೂ ಮೊದಲು ನೆನಪಿಗೆ ಬರುವುದು ಮದುವೆಯ ಚಪ್ಪರ. ವಧೂವರರ ಕೈಗಳ ಮೇಲೆ ನೀರೆರೆಯುವ ಆ ಮುಹೂರ್ತಕ್ಕೆ ಧಾರೆಯೆಂದೂ, ಆಗ ಮದುಮಗಳು ಉಟ್ಟ ಸೀರೆಗೆ ಧಾರೆಸೀರೆಯೆಂದೂ ಹೆಸರು. ಇನ್ನು ಕೆಲವರು ಮಳೆಗಾಲದ ಧಾರಾಕಾರವನ್ನು ನೆನೆಯಬಹುದು; ಶಿವಾಲಯಕ್ಕೆ ಹೋಗಿಬರುವವರು ಲಿಂಗದ ಮೇಲೆ ತೂಗುವ ಧಾರಾಪಾತ್ರೆಯನ್ನು ಹೇಳಬಹುದು. ಕುದುರೆಯನ್ನು ನೆನೆಯುವವರು ಮಾತ್ರ ಒಬ್ಬರೂ ಇರಲಾರರು. ಆದರೆ ಒಂದು ಕಾಲದಲ್ಲಿ ಕುದುರೆಯ ನಡಿಗೆಗೂ ಇದೇ ಹೆಸರಿತ್ತು.

ಈ ಅರ್ಥ ತಿಳಿಯದೆ ನಾನು ವಿದ್ಯಾರ್ಥಿದೆಶೆಯಲ್ಲಿ ನಗೆಗೀಡಾದದ್ದುಂಟು. ಮಾಘಕವಿಯ ‘ಶಿಶುಪಾಲವಧ’ದ ಐದನೆಯ ಸರ್ಗದಲ್ಲಿ ಸೈನ್ಯವು ಬೀಡುಬಿಟ್ಟ ವರ್ಣನೆಯಿದೆ. ಅಲ್ಲಿ ಕುದುರೆಗೆ ಧಾರೆಗಳನ್ನು ಸಾಧಿಸಿಕೊಡುವ ಪ್ರಸಂಗ ಬಂದಾಗ, ದಣಿದ ಪ್ರಾಣಿಯ ಮೈಯಿಂದ ಬೆವರು ಧಾರೆಧಾರೆಯಾಗಿ ಇಳಿಯುತ್ತಿತ್ತೆಂದು ನಾನು ಧೈರ್ಯವಾಗಿ ಅರ್ಥ ಹೇಳಿಬಿಟ್ಟೆ. ಪಾಠ ಹೇಳುತ್ತಿದ್ದ ಹಿರಿಯರು ಸಿಟ್ಟಾಗಲಿಲ್ಲ. “ಅಮರವನ್ನು ಬಾಯಿಪಾಠ ಮಾಡಿದವರಿಗೆ ಈ ಬೆವರು ಬರುತ್ತಿರಲಿಲ್ಲ” ಎಂದಷ್ಟೇ ಹೇಳಿದರು.

ಅಮರಕೋಶದ ಎರಡನೆಯ ಕಾಂಡದ ಕ್ಷತ್ರಿಯವರ್ಗದಲ್ಲಿ ಆಸ್ಕಂದಿತ, ಧೌರಿತಕ, ರೇಚಿತ, ವಲ್ಗಿತ, ಪ್ಲುತ ಎಂಬ ಐದು ಗತಿಗಳನ್ನು ಹೇಳಿ, ಇವೇ ಧಾರೆಗಳೆಂದು ಹೆಸರಿಸಿದೆ. ಅಮರನು ಹೆಸರು ಹೇಳಿ ಮುಂದೆ ಸಾಗುತ್ತಾನೆ. ಕುದುರೆಯನ್ನು ಕಣ್ಣಾರೆ ನೋಡಿದವನಂತೆ ವಿವರಿಸುವವನು ಹನ್ನೆರಡನೆಯ ಶತಮಾನದಲ್ಲಿ ಗುಜರಾತಿನಲ್ಲಿದ್ದ ಜೈನಾಚಾರ್ಯ ಹೇಮಚಂದ್ರ. ಅವನ ‘ಅಭಿಧಾನಚಿಂತಾಮಣಿ’ಯ ಪ್ರಕಾರ ಧೌರಿತಕವು ಮುಂಗುಸಿ, ಕಂಕಪಕ್ಷಿ, ನವಿಲು, ಹಂದಿ ಇವುಗಳ ನಡಿಗೆಯನ್ನು ಹೋಲುವುದು. ಮುಂಗುಸಿಯ ಚುರುಕು ಹೆಜ್ಜೆಯನ್ನು ಬೇಲಿಯ ಬದಿಯಲ್ಲಿ ಕಂಡವರಿಗೆ ಇದಕ್ಕಿಂತ ಹೆಚ್ಚಿನ ವ್ಯಾಖ್ಯಾನ ಬೇಕಾಗಲಾರದು. ವಲ್ಗಿತದಲ್ಲಿ ಕುದುರೆಯು ಮುಂಭಾಗವನ್ನೆತ್ತಿ, ಮೈಯನ್ನು ಕುಗ್ಗಿಸಿ ನೆಗೆಯುವುದು. ಪ್ಲುತದಲ್ಲಿ ಹಕ್ಕಿಯನ್ನೂ ಜಿಂಕೆಯನ್ನೂ ಅನುಕರಿಸಿ ಹಾರುವುದು. ರೇಚಿತವು ಮಧ್ಯಮವೇಗದ ಓಟ. ಆಸ್ಕಂದಿತದಲ್ಲಿ ನಾಲ್ಕು ಕಾಲುಗಳಿಂದಲೂ, ಕೋಪಗೊಂಡಿತೋ ಎಂಬಂತೆ, ಹಾರಿಹಾರಿ ಸಾಗುವುದು. ಬೇರೆ ಕೆಲವು ಪಟ್ಟಿಗಳಲ್ಲಿ ಕಾಣುವ ಉತ್ತೇಜಿತ, ಉತ್ತೇರಿತಗಳನ್ನು ಹೇಮಚಂದ್ರನು ರೇಚಿತ, ಆಸ್ಕಂದಿತಗಳದೇ ಬೇರೆ ಹೆಸರುಗಳೆಂದು ತೀರ್ಮಾನಿಸಿ ಒಂದು ತೊಡಕನ್ನು ಬಿಡಿಸಿದ್ದಾನೆ.

ನೀರಿಗೂ ಕುದುರೆಗೂ ಒಂದೇ ಹೆಸರು ಹೇಗೆ ಬಂತು? ಧಾವ್ ಎಂಬ ಧಾತುವಿಗೆ ಓಡುವುದು, ಹರಿಯುವುದು ಎರಡೂ ಅರ್ಥಗಳೇ. ಮೋನಿಯರ್ ವಿಲಿಯಮ್ಸರ 1899ರ ಸಂಸ್ಕೃತ ಕೋಶದಲ್ಲಿ ಪ್ರವಾಹವೆಂಬ ಧಾರೆಯನ್ನು ಈ ಧಾತುವಿಗೆ ಸೇರಿಸಿ, ಕುದುರೆಯ ಗತಿಯನ್ನು ಅದರ ಕೆಳಗೇ ಇಟ್ಟಿದೆ. ಕತ್ತಿಯ ಅಲಗೆಂಬ ಧಾರೆಯನ್ನು ಪ್ರತ್ಯೇಕ ಶಬ್ದವಾಗಿ ಕೊಟ್ಟಿದೆ. ಎಂದರೆ ಕುದುರೆಯು ನೀರಿನ ಸ್ವಂತ ಬಂಧು, ಕತ್ತಿಯು ಒಂದೇ ಹೆಸರಿನ ನೆರೆಯವನು. ಈ ವಿಭಾಗವು ಸರಿಯೆಂದೇ ನನಗೆ ತೋರುತ್ತದೆ. ಏಕೆಂದರೆ ನಮ್ಮ ಕನ್ನಡದಲ್ಲಿಯೂ ಇದೇ ಬಗೆಯ ಸಂಸಾರವೊಂದು ನಡೆದಿದೆ. ಹಳಗನ್ನಡದ ‘ಪರಿ’ ಎಂಬ ಧಾತುವಿಗೆ ಓಡು, ಪ್ರವಹಿಸು ಎಂದು ಎರಡರ್ಥ. ಕಡಿ, ಸೀಳು ಎಂಬರ್ಥದ ‘ಪಱಿ’ ಬೇರೆಯ ಧಾತು, ಅದರಲ್ಲಿರುವುದು ಶಕಟರೇಫ. ಆ ಅಕ್ಷರವು ನಮ್ಮ ನಾಲಗೆಯಿಂದ ಮರೆಯಾದ ಮೇಲೆ ಎರಡೂ ‘ಹರಿ’ಯಾದುವು. ಈಗ ಹೊಳೆಯೂ ಹರಿಯುತ್ತದೆ, ಜಾತ್ರೆಗೆ ಜನವೂ ಹರಿದು ಬರುತ್ತಾರೆ, ಅಂಗಿಯೂ ಹರಿಯುತ್ತದೆ!

ಪ್ರವಾಹದ ಅರ್ಥಕ್ಕೆ ನಮ್ಮ ನಾಡಿನಲ್ಲಿ ಗಟ್ಟಿಯಾದ ನೆಲೆ ದೊರೆತದ್ದು ದಾನದಿಂದ. ಭೂಮಿಯನ್ನು ಬಿಟ್ಟುಕೊಡುವಾಗ ನೀರೆರೆದು ಕೊಡುವುದು ಪದ್ಧತಿಯಾದುದರಿಂದ, ಶಾಸನಗಳಲ್ಲಿ ‘ಧಾರಾಪೂರ್ವಕ’ವೆಂಬ ಮಾತು ಮತ್ತೆ ಮತ್ತೆ ಬರುತ್ತದೆ. ನೀರು ಬಿದ್ದ ಮೇಲೆ ಕೊಟ್ಟವನಿಗೆ ಹಕ್ಕಿಲ್ಲ. ಜೀವವನ್ನೇ ಧಾರೆಯೆರೆದನೆಂದು ನಾವು ಇಂದು ಹೇಳುವ ಮಾತಿನ ಬೇರು ಇಲ್ಲಿದೆ. ನೆರೆಯ ಮರಾಠಿಯಲ್ಲಿ ಹಸುವಿನ ಹಾಲು ಕರೆಯುವುದಕ್ಕೆ ಧಾರ ತೆಗೆಯುವುದೆನ್ನುತ್ತಾರೆ. ಹಿಂದಿಯಲ್ಲಿ ಕಾನೂನಿನ ಕಲಮು ಕೂಡ ಧಾರೆಯೇ. ಅಲಗಿನ ಧಾರೆಯಾದರೋ ಕನ್ನಡದಲ್ಲಿ ಅಸಿಧಾರಾವ್ರತವೆಂಬ ಗ್ರಂಥಸ್ಥ ಮಾತಿನಲ್ಲಿ ಉಳಿದುಕೊಂಡಿದೆ. ಭೋಜರಾಜನ ಪಟ್ಟಣಕ್ಕೂ ಧಾರಾ ಎಂದೇ ಹೆಸರು. ಹನ್ನೊಂದನೆಯ ಶತಮಾನದಲ್ಲಿ ನಮ್ಮ ಕಲ್ಯಾಣದ ಚಾಲುಕ್ಯ ಒಂದನೆಯ ಸೋಮೇಶ್ವರನು ಅದನ್ನು ಮುತ್ತಿ ಸೂರೆಗೊಂಡನು.

ಕುದುರೆಯ ಧಾರೆಯೊಂದೇ ಏಕೆ ಅಳಿಯಬೇಕಾಗಿತ್ತು? ನಮ್ಮಲ್ಲಿ ಕುದುರೆಗೆ ಕೊರತೆಯಿರಲಿಲ್ಲ. ಅದೇ ಚಾಲುಕ್ಯವಂಶದ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಕುದುರೆಯೇರಿ ಚೆಂಡಾಡುವ ವಾಜಿವಾಹ್ಯಾಲೀವಿನೋದಕ್ಕೆ ಒಂದು ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ. ವಿಜಯನಗರದ ಅರಸರು ವರ್ಷಕ್ಕೆ 13,000 ಕುದುರೆಗಳನ್ನು ಕೊಳ್ಳುತ್ತಿದ್ದರೆಂದು, 1535ರ ಸುಮಾರಿಗೆ ಬರೆದ ಪೋರ್ತುಗೀಜ್ ಕುದುರೆ ವ್ಯಾಪಾರಿ ನೂನಿಜನು ಹೇಳುತ್ತಾನೆ. ಹಂಪೆಯ ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಆ ಕುದುರೆಗಳು ಇಂದಿಗೂ ಸಾಲಾಗಿ ನಡೆಯುತ್ತಿವೆ. ಆದರೆ ಐದು ಧಾರೆಗಳು ಅರಮನೆಯ ಲಾಯದ, ಪಂಡಿತರ ಕೋಶದ ಮಾತುಗಳು. ಕುದುರೆಯನ್ನು ತಿಕ್ಕಿ ನೀರು ಕುಡಿಸುತ್ತಿದ್ದವನ ಬಾಯಲ್ಲಿ ಇದ್ದುದು ನಾಗಾಲೋಟ, ದೌಡು. ಲಾಯಗಳು ಬರಿದಾದಾಗ ಸಂಸ್ಕೃತದ ಹೆಸರುಗಳಿಗೆ ಬೇರೆ ಆಸರೆಯಿರಲಿಲ್ಲ. ನಾಗಾಲೋಟವು ಕುದುರೆಯನ್ನು ಬಿಟ್ಟು ಬೆಲೆಗಳಿಗೂ ಕಾಲಕ್ಕೂ ಅಂಟಿಕೊಂಡು ಬದುಕಿತು. ಕುದುರೆಯನ್ನೇ ಕಾಣದ ಮಕ್ಕಳೂ ಶಾಲೆಗೆ ತಡವಾಯಿತೆಂದು ದೌಡಾಯಿಸುತ್ತಾರೆ.

ನಾನು ಬೆವರಿನ ಅರ್ಥ ಬರೆದುಕೊಂಡ ಆ ಹಳೆಯ ಪ್ರತಿ ಇನ್ನೂ ನನ್ನ ಬಳಿಯಿದೆ. ಅಂಚಿನಲ್ಲಿ ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ‘ಗತಿ’ ಎಂದು ಆ ಹಿರಿಯರು ಪೆನ್ಸಿಲಿನಲ್ಲಿ ಬರೆದದ್ದು ಸ್ವಲ್ಪ ಮಾಸಿದ್ದರೂ ಓದಬಹುದಾಗಿದೆ.